ಅರ್ಧದಷ್ಟು ಜನರೂ ಮತ ಹಾಕದಿದ್ದರೆ ಜನಮತಗಣನೆ ರದ್ದಾಗಬೇಕೇ?

ಶೇ 50ರಷ್ಟು ಮತದಾನ ಆಗದ ಜನಮತಗಣನೆಯನ್ನು ರದ್ದು ಮಾಡಬೇಕಲ್ವಾ ಅಂತ ಕೇಳಿದ್ದೀರಿ. ಬೇಡ ಅಂತೀನಿ. ನೋಡೋಕೆ ಈ ನಿಯಮ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಮತ ಹಾಕಿದವರಿಗಿಂತ ಮನೆಯಲ್ಲಿ ಕೂತವರಿಗೇ ಜಾಸ್ತಿ ಬಲ ಕೊಡುತ್ತದೆ.

ಲೆಕ್ಕ ಹಾಕಿ ನೋಡಿ. 100 ಮತದಾರರಲ್ಲಿ 49 ಜನ ಬಂದು ಎಲ್ಲರೂ ‘ಹೌದು’ ಅಂದರೂ ಪ್ರಸ್ತಾವ ಬಿದ್ದುಹೋಗುತ್ತದೆ. ‘ಬೇಡ’ ಅನ್ನುವ ಇನ್ನಿಬ್ಬರು ಬಂದರೆ ಸಂಖ್ಯೆ 51 ಆಗಿ ಅದೇ ಪ್ರಸ್ತಾವ ಗೆಲ್ಲುತ್ತದೆ. ವಿರೋಧಿಸಲು ಬಂದವರೇ ಗೆಲ್ಲಿಸಿದ ಹಾಗಾಯಿತು. ಹೀಗಿರುವಾಗ ವಿರೋಧಿಗಳು ವಾದ ಯಾಕೆ ಮಾಡುತ್ತಾರೆ? ಮತಗಟ್ಟೆಗೆ ಹೋಗಬೇಡಿ ಅಂದರೆ ಸಾಕು.

ಈ ಶೇ 50ರ ನಿಯಮವಿರುವ ಇಟಲಿಯಲ್ಲಿ 2005ರಲ್ಲಿ ಕೃತಕ ಗರ್ಭಧಾರಣೆ ಕಾನೂನಿನ ಮೇಲೆ ಮತದಾನ ನಡೆದಾಗ ಕ್ಯಾಥೊಲಿಕ್ ಚರ್ಚಿನ ಹಿರಿಯ ಧರ್ಮಗುರು ಕಾರ್ಡಿನಲ್ ಕಮಿಲ್ಲೊ ರುಯಿನಿ ಮತ ಹಾಕದಿರಲು ಕರೆ ಕೊಟ್ಟರು. ಬಂದವರು ಶೇ 26ರಷ್ಟು ಮಾತ್ರ. ಮತಕ್ಕಿಟ್ಟಿದ್ದ ನಾಲ್ಕೂ ಪ್ರಶ್ನೆಗಳು ಬಿದ್ದುಹೋದವು. ಸುಮ್ನೆ ಆಸಕ್ತಿಯಿಲ್ಲದೆ ಮನೆಯಲ್ಲಿದ್ದವರೂ ವಿರೋಧಿಗಳ ಲೆಕ್ಕಕ್ಕೇ ಸೇರಿಹೋದರು. ನನ್ನನ್ನು ಇದಕ್ಕಿಂತ ಹೆಚ್ಚು ಕಾಡುವುದು ಗುಪ್ತ ಮತದಾನದ ವಿಷಯ. ಒಂದು ಬಣ ಪೂರ್ತಿ ಮನೆಯಲ್ಲಿ ಉಳಿದರೆ, ಮತಗಟ್ಟೆಯ ಬಾಗಿಲಲ್ಲಿ ನಿಂತವರ ಮತ ಯಾವುದು ಅಂತ ನೆರೆಹೊರೆಯವರಿಗೆಲ್ಲ ಗೊತ್ತಾಗಿಬಿಡುತ್ತದೆ. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರಲ್ಲಿ ಇದು ಹೆದರಿಕೆಯ ಮಾತು.

ಹಾಗಂತ ಕಡಿಮೆ ಮತದಾನಕ್ಕೆ ಅರ್ಥವೇ ಇಲ್ಲ ಅಂತಲ್ಲ. ಜನ ಯಾಕೆ ಬರಲಿಲ್ಲ ಅನ್ನೋದನ್ನು ಕೇಳಲೇಬೇಕು. ಸ್ವಿಟ್ಜರ್ಲೆಂಡಿನಲ್ಲಿ ಅರ್ಧಕ್ಕಿಂತ ಕಡಿಮೆ ಜನ ಮತ ಹಾಕುವುದು ಮಾಮೂಲಿ. ಕನಿಷ್ಠ ಮಿತಿ ಅಂತ ಏನೂ ಇಲ್ಲ, ಆದರೂ ಸೋತವರು ಫಲಿತಾಂಶ ಒಪ್ಪುತ್ತಾರೆ. ಸ್ಪೇನಿನಿಂದ ಬೇರೆಯಾಗಬೇಕೇ ಅಂತ ಅದರ ಪ್ರಾಂತ್ಯ ಕ್ಯಾಟಲೋನಿಯಾದಲ್ಲಿ 2017ರಲ್ಲಿ ನಡೆದ ಮತದಾನದ ಕಥೆ ಬೇರೆ. ಸ್ಪೇನಿನ ಸಾಂವಿಧಾನಿಕ ನ್ಯಾಯಾಲಯ ಮತದಾನಕ್ಕೆ ತಡೆ ಕೊಟ್ಟಿತ್ತು, ವಿರೋಧಿಗಳಲ್ಲಿ ಹೆಚ್ಚಿನವರು ದೂರ ಉಳಿದರು. ಮತದಾನ ಶೇ 43ರಷ್ಟು, ಅದರಲ್ಲಿ ಶೇ 90 ‘ಹೌದು’. ಆ 90ನ್ನು ಇಡೀ ಕ್ಯಾಟಲೋನಿಯಾದ ತೀರ್ಪು ಅಂತ ನಾನು ಒಪ್ಪಲಾರೆ. ಸೋಲುವ ಪಕ್ಷವೇ ಆ ಮತದಾನವನ್ನು ತನ್ನದು ಅಂದುಕೊಂಡಿರಲಿಲ್ಲ.

ಮಿತಿ ಬೇಕೇ ಬೇಕು ಅನ್ನುವುದಾದರೆ ಡೆನ್ಮಾರ್ಕಿನ ದಾರಿ ವಾಸಿ. ಅಲ್ಲಿ ಸಂವಿಧಾನ ತಿದ್ದಲು ಬಹುಮತದ ಜೊತೆಗೆ ಒಟ್ಟು ಮತದಾರರಲ್ಲಿ ಶೇ 40ರಷ್ಟು ಜನ ‘ಹೌದು’ ಅನ್ನಬೇಕು. ‘ಬೇಡ’ ಅಂತ ಮತ ಹಾಕಿದವರಿಂದ ಎದುರು ಪಕ್ಷಕ್ಕೆ ಯಾವ ಲಾಭವೂ ಇಲ್ಲ. ಇದೂ ಕಠಿಣವೇ. ಸ್ಕಾಟ್ಲೆಂಡಿಗೆ ತನ್ನದೇ ಶಾಸನಸಭೆ ಬೇಕೇ ಅಂತ 1979ರಲ್ಲಿ ನಡೆದ ಮತದಾನದಲ್ಲಿ ಇದೇ 40ರ ನಿಯಮವಿತ್ತು. ಶೇ 51.6 ಮತ ಪಡೆದರೂ ‘ಹೌದು’ ಪಕ್ಷ ಸೋತಿತು, ಯಾಕೆಂದರೆ ಒಟ್ಟು ಮತದಾರರಲ್ಲಿ ಅದು ಶೇ 33ರಷ್ಟು ಮಾತ್ರ. ಆದರೆ ಅಲ್ಲಿ ಶೇ 60ಕ್ಕಿಂತ ಜಾಸ್ತಿ ಜನ ಬಂದು ಮತ ಹಾಕಿದ್ದರು. ‘ಬೇಡ’ ಅಂದವರು ಎಷ್ಟು ಮಂದಿ ಅನ್ನೋದೂ ಲೆಕ್ಕಕ್ಕೆ ಸಿಕ್ಕಿತ್ತು.