ಸುರಂಗ ತೋಡಿದ ಅಜ್ಜನ ಕುರಿತು

ಆತ್ಮೀಯರೇ,

ಕಾಸರಗೋಡಿನ ಎಣ್ಮಕಜೆಯಿಂದ ನೀವು ಬರೆದ ಪತ್ರ ತಲುಪಿದೆ. ಬಾಳಿನುದ್ದಕ್ಕೂ ಊರವರ ಗುಡ್ಡಗಳಲ್ಲಿ ನೀರಿಗಾಗಿ ಸುರಂಗ ತೋಡಿ ಸಂಸಾರ ಸಾಕಿದ ನಿಮ್ಮ ತಾಯಿಯ ತಂದೆ ಕಳೆದ ಮಳೆಗಾಲದಲ್ಲಿ ತೀರಿಕೊಂಡರೆಂದೂ, ವರ್ಷ ತುಂಬುವುದರೊಳಗೆ ಅವರ ಬಗ್ಗೆ ಬರೆಯಬೇಕೆಂಬ ಆಸೆ ಮನೆಯವರಿಗೆಲ್ಲ ಇದೆಯೆಂದೂ ತಿಳಿಸಿದ್ದೀರಿ. ಅವರು ಶಾಲೆಗೆ ಹೋದವರಲ್ಲ, ಸನ್ಮಾನ ಪಡೆದವರಲ್ಲ, ಮಗಳ ಮದುವೆಯ ಗುಂಪುಚಿತ್ರವೊಂದನ್ನು ಬಿಟ್ಟರೆ ಅವರ ಫೋಟೊ ಕೂಡ ಇಲ್ಲ; ಇಂಥವರ ನೆನಪಿಗೆ ಪತ್ರಿಕೆಯಲ್ಲಿ ಜಾಗವುಂಟೇ ಎಂಬುದು ನಿಮ್ಮ ಪ್ರಶ್ನೆ.

ಖಂಡಿತ ಉಂಟು. ಆದರೆ ಪತ್ರದೊಂದಿಗೆ ಕಳುಹಿಸಿದ ಎರಡು ಪುಟಗಳ ಕರಡನ್ನು ಹಾಗೆಯೇ ಅಚ್ಚು ಹಾಕಲು ನನಗೆ ಮನಸ್ಸಿಲ್ಲ. ಶ್ರಮಜೀವಿ, ಸರಳ ಸಜ್ಜನ, ಮಮತೆಯ ಕಡಲು ಎಂಬ ಮಾತುಗಳೆಲ್ಲ ನಿಜವಿರಬಹುದು. ಆದರೂ ಅವುಗಳಲ್ಲಿ ನಿಮ್ಮ ಅಜ್ಜ ಕಾಣಿಸುವುದಿಲ್ಲ. ಅವರು ಕಾಣಿಸುವುದು ಎರಡನೆಯ ಪುಟದ ಕೊನೆಯ ಒಂದೇ ವಾಕ್ಯದಲ್ಲಿ: ಬಾಲಕಿಯಾಗಿದ್ದ ನಿಮ್ಮ ತಾಯಿ ಸುರಂಗದ ಬಾಯಲ್ಲಿ ಮಣ್ಣಿನ ಬುಟ್ಟಿಗೆ ಕಾಯುತ್ತಿದ್ದಾಗ, ರೆಪ್ಪೆಯ ತನಕ ಕೆಂಪು ಮಣ್ಣು ಮೆತ್ತಿಕೊಂಡು ಹೊರಬಂದ ಅಪ್ಪ ಬಿಸಿಲಿಗೆ ಕಣ್ಣು ಬಿಡಲಾಗದೆ ಮೊದಲು ಕೈಚಾಚಿ ಮಗಳ ತಲೆಯನ್ನು ತಡಕುತ್ತಿದ್ದರು ಎಂಬ ವಾಕ್ಯ. ಅದನ್ನು ನಾನು ಹಲವು ಸಲ ಓದಿದೆ. ಲೇಖನ ಅಲ್ಲಿಂದ ಬೆಳೆಯಲಿ.

ಕೊಳವೆಬಾವಿಯ ನೀರು ಕುಡಿದೇ ಬೆಳೆದ ಇಂದಿನ ಮಕ್ಕಳಿಗೆ, ಸುರಂಗಗಳಿರುವ ಪಡ್ರೆ, ಬಾಯಾರು ಕಡೆಯ ಮಕ್ಕಳಿಗೂ ಸೇರಿಸಿ, ಆ ಕೆಲಸ ಏನೆಂದು ತಿಳಿಸುವುದು ಅಗತ್ಯ. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ, ಒಬ್ಬ ಮನುಷ್ಯ ನುಸುಳುವಷ್ಟೇ ಅಗಲಕ್ಕೆ, ಪಿಕ್ಕಾಸಿನಿಂದ ಕಡಿಯುತ್ತ ಒಳಗೆ ಹೋಗಬೇಕು. ಪಂಪಿನ ಹಂಗಿಲ್ಲದೆ ನೀರು ತಾನಾಗಿ ಹರಿದುಬರುವಂತೆ ನೆಲವನ್ನು ಬಾಯಿಯ ಕಡೆಗೆ ತುಸುವೇ ಇಳಿಜಾರಾಗಿ ಉಳಿಸಬೇಕು. ತೋಡಿದ ಉದ್ದವನ್ನು ಅಳೆಯುವುದು ಕೋಲಿನ ಲೆಕ್ಕದಲ್ಲಿ; ಒಂದು ಕೋಲು ಎಂದರೆ ಸುಮಾರು 72 ಸೆಂಟಿಮೀಟರ್. ಹಾಗೆ ಕೋಲುಗಟ್ಟಲೆ ತೋಡಿದ ಮೇಲೂ ನೀರು ಸಿಗುತ್ತದೆಂಬ ಭರವಸೆಯಿಲ್ಲ. ಒಳಗೆ ಹಚ್ಚಿಟ್ಟ ಮೇಣದ ಬತ್ತಿ ಬೆಳಕಿಗಷ್ಟೇ ಅಲ್ಲ. ಅದು ಮಂಕಾದರೆ ಉಸಿರಾಟದ ಗಾಳಿ ಕಡಿಮೆಯಾಯಿತೆಂದು ತಿಳಿದು ಕೂಡಲೇ ಹೊರಬರಬೇಕು. ನಿಮ್ಮ ಅಜ್ಜ ಎಲ್ಲಿ ತೋಡಬೇಕೆಂದು ಹೇಗೆ ಗುರುತಿಸುತ್ತಿದ್ದರು? ಹುತ್ತ ನೋಡುತ್ತಿದ್ದರೇ, ಬೇಸಗೆಯಲ್ಲೂ ಹಸಿರು ಬಿಡದ ಗಿಡಮರ ನೋಡುತ್ತಿದ್ದರೇ? ಕೂಲಿ ದಿನದ ಲೆಕ್ಕವೋ ಕೋಲಿನ ಲೆಕ್ಕವೋ? ನೀರು ಸಿಗದ ಸುರಂಗಕ್ಕೆ ಕೂಲಿ ಸಿಗುತ್ತಿತ್ತೇ? ಅವರ ಜತೆ ಮಣ್ಣು ಹೊತ್ತವರೊಬ್ಬರು ಇನ್ನೂ ಇದ್ದಾರೆಂದು ಬರೆದಿದ್ದೀರಿ. ದಯವಿಟ್ಟು ಈ ವಾರವೇ ಅವರ ಬಳಿಗೆ ಹೋಗಿ ಬನ್ನಿ. ಲೇಖನ ತಡವಾದರೂ ಚಿಂತೆಯಿಲ್ಲ.

ಅಜ್ಜನ ಹುಟ್ಟಿದ ವರ್ಷ ಯಾರಿಗೂ ಗೊತ್ತಿಲ್ಲವೆಂದು ಕೊರಗಬೇಡಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರು ಕೆಲಸಕ್ಕೆ ಹೋಗುವ ವಯಸ್ಸಿನವರಾಗಿದ್ದರೇ ಎಂದು ಹಿರಿಯರನ್ನು ಕೇಳಿದರೆ ಒಂದು ಅಂದಾಜು ಸಿಗುತ್ತದೆ. ಮನೆಯಿರುವ ಹತ್ತು ಸೆಂಟ್ಸ್ ಜಾಗ ಭೂಸುಧಾರಣೆಯಲ್ಲಿ ಸಿಕ್ಕಿದ್ದೆಂದು ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ. ಅಲ್ಲಿ ಸ್ವಲ್ಪ ನಿಲ್ಲಿ. 1970ರ ಜನವರಿ 1ರಿಂದ ಜಾರಿಗೆ ಬಂದ ಆ ಕಾನೂನಿನಿಂದ, ಧನಿಗಳ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರಿಗೆ ಪಂಚಾಯತು ಪ್ರದೇಶದಲ್ಲಿ ಹತ್ತು ಸೆಂಟ್ಸ್ ತನಕ ಹಕ್ಕು ಪಡೆಯುವ ಅವಕಾಶ ಬಂತು. ಇನ್ನೊಬ್ಬರ ತೋಟಕ್ಕೆ ನೀರು ತಂದುಕೊಟ್ಟ ಮನುಷ್ಯ ತನ್ನದೇ ನೆಲದಲ್ಲಿ ನಿಂತ ದಿನ ಮನೆಯಲ್ಲಿ ಏನು ನಡೆಯಿತು, ಅಜ್ಜಿ ಏನೆಂದರು, ಆ ಹಕ್ಕುಪತ್ರ ಈಗ ಯಾರ ಪೆಟ್ಟಿಗೆಯಲ್ಲಿದೆ ಎಂಬುದನ್ನು ತಿಳಿಯಲು ನನಗಂತೂ ಬಹಳ ಆಸೆಯಿದೆ. ಪತ್ರ ಸಿಕ್ಕಿದರೆ ಅದರಲ್ಲಿ ಅವರ ಹೆಸರು ಹೇಗೆ ಬರೆದಿದೆ ಎಂದೂ ನೋಡಿ.

ಅವರ ಮಾತುಗಳನ್ನು ಶಿಷ್ಟ ಕನ್ನಡಕ್ಕೆ ತಿದ್ದಬೇಡಿ. ಅವರು ತುಳುವಿನಲ್ಲಿ ಆಡಿದ್ದನ್ನು ತುಳುವಿನಲ್ಲಿಯೇ ಬರೆಯಿರಿ, ನಮ್ಮ ಓದುಗರಿಗೆ ಅದು ತೊಡಕಾಗದು. ಕುಡಿತದ ಬಗ್ಗೆ ಬರೆಯಬೇಕೇ ಬೇಡವೇ ಎಂದು ಕೇಳಿದ್ದೀರಿ. ಅದನ್ನು ನಿಮ್ಮ ತಾಯಿ ನಿರ್ಧರಿಸಲಿ; ಅವರು ಒಪ್ಪಿದರೆ ಬರೆಯಿರಿ, ಮುಚ್ಚಿಡದ ಪ್ರೀತಿಯನ್ನು ಓದುಗರು ನಂಬುತ್ತಾರೆ.

ಫೋಟೊದ ಬಗ್ಗೆ ಚಿಂತೆ ಬೇಡ. ಗುಂಪುಚಿತ್ರದಿಂದ ಮುಖವನ್ನು ಮಾತ್ರ ಕತ್ತರಿಸಿ ತೆಗೆಯದೆ ಪೂರ್ತಿ ಚಿತ್ರವನ್ನೇ ಹಾಕೋಣ. ಅವರು ತೋಡಿದ ಸುರಂಗಗಳಲ್ಲಿ ನೀರು ಇನ್ನೂ ಹರಿಯುವಂಥದ್ದು ಒಂದಿದ್ದರೆ ಅದರ ಬಾಯಿಯ ಚಿತ್ರವನ್ನೂ ಕಳುಹಿಸಿ. ಬರಹ ಎಷ್ಟು ಪುಟವಾದರೂ ಆಗಲಿ, ಕೈಬರಹವಾದರೂ ಸರಿ. ಹೇಳಿದವರು ನಿಮ್ಮ ತಾಯಿಯಾದ್ದರಿಂದ, ಬರೆದವರ ಹೆಸರಿನ ಜಾಗದಲ್ಲಿ ನಿಮ್ಮ ಹೆಸರಿನೊಂದಿಗೆ ಅವರ ಹೆಸರನ್ನೂ ಸೇರಿಸಿ ಕಳುಹಿಸಿ.

– ಸಂಪಾದಕ