ನಮ್ಮಂಥವರಿಗೆ ಅತಿ ಕಷ್ಟದ ಗಾಲ್ಫ್ ಹೋಲ್ ಯಾವುದು? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಗಡಿಯಾಚೆಯ ಕನ್ನಡಿಗರಿಂದ ಬಂದವು. ಹೊಸೂರು, ಊಟಿ, ಕಾಸರಗೋಡು, ಅಕ್ಕಲಕೋಟೆ, ಮಡಕಶಿರಾ. ಜಾಗ ಸಾಲದೆ ಪ್ರಶ್ನೆಗಳನ್ನು ಸ್ವಲ್ಪ ಕತ್ತರಿಸಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಟಿವಿಯಲ್ಲಿ ಅಮೆರಿಕದ ಸಾಗ್ರಾಸ್ ಕೋರ್ಸಿನ 17ನೇ ಹೋಲ್ ತೋರಿಸುವಾಗಲೆಲ್ಲ ಇದಕ್ಕಿಂತ ಕಷ್ಟದ್ದು ಇಲ್ಲ ಅನ್ನುತ್ತಾರೆ. ವಾರಕ್ಕೊಮ್ಮೆ ಬೆಂಗಳೂರು ಕಡೆ ಹೋಗಿ ಆಡುವ ನಮ್ಮಂಥವರಿಗೂ ಅದೇ ಕಷ್ಟವಾ? ನಮ್ಮ ಮಟ್ಟದವರಿಗೆ ನಿಜವಾಗಿ ನೀರು ಕುಡಿಸುವ ಹೋಲ್‌ಗಳು ಯಾವುವು? ನನ್ನ ಹ್ಯಾಂಡಿಕ್ಯಾಪ್ (ಪಾರ್, ಅಂದರೆ ಹೋಲ್‌ಗಳಿಗೆ ನಿಗದಿಯಾದ ಹೊಡೆತಗಳಿಗಿಂತ, ಸುಮಾರು ಎಷ್ಟು ಹೆಚ್ಚು ಹೊಡೆಯುತ್ತೇನೆ ಅನ್ನುವ ಅಂಕಿ) 22.
– ಹೊಸೂರಿನ ಓದುಗರು

ಸಾಗ್ರಾಸ್ 17 ಪ್ರೊಗಳಿಗೆ, ಅಂದ್ರೆ ವೃತ್ತಿಪರರಿಗೆ, ಕಷ್ಟ ಆಗುವುದು ಗಾಳಿ ಮತ್ತು ಹಣದಿಂದ. ಉದ್ದ ಬರೀ 137 ಗಜ. ಅವರಿಗೆ ಅದು ವೆಜ್ ಅಥವಾ 9 ಐರನ್, ಅಂದ್ರೆ ಹತ್ತಿರದ ಹೊಡೆತದ ಕ್ಲಬ್ (ಕೋಲು). ಭಾನುವಾರ ಸಂಜೆ, ಲೀಡ್‌ನಲ್ಲಿ ಇದ್ದಾಗ, ಸುತ್ತ ಜನ ಕೂಗುವಾಗ ಅದೇ ವೆಜ್ ಭಾರ ಅನಿಸುತ್ತದೆ. 2005ರಲ್ಲಿ ಬಾಬ್ ಟ್ವೇ ಅಲ್ಲಿ 12 ಹೊಡೆತ ತಗೊಂಡರು, ಅವರು ಮೇಜರ್ (ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಂದು) ಗೆದ್ದ ಆಟಗಾರ. ನಮಗೆ ಅಲ್ಲಿ ಕಷ್ಟ ಬೇರೆ ಥರದ್ದು. ಸುತ್ತಲೂ ನೀರು, ಹೋಗಲು ಒಂದು ಸಣ್ಣ ದಾರಿ, ಚೆಂಡು ಮೊದಲು ಬೀಳಲು ಬೇರೆ ಜಾಗವೇ ಇಲ್ಲ. ಕೋರ್ಸ್ ವಿನ್ಯಾಸ ಮಾಡಿದ ಪೀಟ್ ಡೈ ಅಲ್ಲಿ ಮರಳು ಅಗೆದು ಅಗೆದು ದೊಡ್ಡ ಗುಂಡಿ ಮಾಡಿಬಿಟ್ಟಿದ್ದರು, ಅದಕ್ಕೆ ನೀರು ತುಂಬಿಸಿ ಗ್ರೀನನ್ನು (ಕುಳಿ ಇರುವ ನುಣುಪು ಹುಲ್ಲಿನ ಜಾಗ) ದ್ವೀಪ ಮಾಡೋಣ ಅಂದವರು ಅವರ ಹೆಂಡತಿ ಆಲಿಸ್. ವರ್ಷಕ್ಕೆ ಒಂದು ಲಕ್ಷದಷ್ಟು ಚೆಂಡು ಆ ನೀರಿನಿಂದ ತೆಗೆಯುತ್ತಾರೆ ಅನ್ನುವ ಲೆಕ್ಕವಿದೆ. ಹೆಚ್ಚಿನವು ಪ್ರೊಗಳವಲ್ಲ, ಹಣ ಕೊಟ್ಟು ಆಡಲು ಬಂದ ನಮ್ಮಂಥವರವು.

ಆದರೂ ನನ್ನ ಪಟ್ಟಿಯಲ್ಲಿ ಅದು ಮೊದಲ ಸ್ಥಾನದಲ್ಲಿ ಇಲ್ಲ. ಯಾಕೆ ಅಂದ್ರೆ ಅಲ್ಲಿ ಕಷ್ಟ ಒಂದೇ ಒಂದು ಹೊಡೆತದ್ದು. ನೀರಿಗೆ ಬಿದ್ದರೆ ಡ್ರಾಪ್ ಝೋನ್‌ಗೆ (ಚೆಂಡನ್ನು ಮತ್ತೆ ಇಳಿಸಲು ಗೊತ್ತುಮಾಡಿದ ಜಾಗ) ಹೋಗಿ ಇನ್ನೂ ಹತ್ತಿರದಿಂದ ಹೊಡೆಯಬಹುದು. ಹವ್ಯಾಸಿಗಳ ಕಾರ್ಡ್ ಹರಿಯುವಂತೆ ಮಾಡುವುದು ಒಂದು ತಪ್ಪಿನಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ತಳ್ಳುವ ಹೋಲ್‌ಗಳು.

ಅದಕ್ಕೆ ಒಳ್ಳೆ ಉದಾಹರಣೆ ಸ್ಕಾಟ್ಲೆಂಡಿನ ರಾಯಲ್ ಟ್ರೂನ್‌ನ 8ನೇ ಹೋಲ್, ಪೋಸ್ಟೇಜ್ ಸ್ಟ್ಯಾಂಪ್. ಉದ್ದ 123 ಗಜ ಅಷ್ಟೇ. ಬ್ರಿಟಿಷ್ ಓಪನ್ ಟೂರ್ನಿ ಆಡುವ ಕೋರ್ಸ್‌ಗಳಲ್ಲಿ ಇದಕ್ಕಿಂತ ಗಿಡ್ಡ ಹೋಲ್ ಇಲ್ಲ. ಗ್ರೀನ್ ಸಪೂರ, ಎರಡೂ ಕಡೆ ಆಳದ ಬಂಕರ್ (ಮರಳಗುಂಡಿ). 1950ರ ಓಪನ್‌ನಲ್ಲಿ ಜರ್ಮನಿಯ ಹವ್ಯಾಸಿ ಆಟಗಾರ ಹರ್ಮನ್ ಟಿಸ್ಸೀಸ್ ಅಲ್ಲಿ 15 ಹೊಡೆತ ತಗೊಂಡರು. ಈ ಬಂಕರಿನಿಂದ ಹೊಡೆದರೆ ಆ ಬಂಕರಿಗೆ, ಆ ಬಂಕರಿನಿಂದ ಮತ್ತೆ ಈ ಕಡೆಗೆ. ಕೊನೆಗೆ ಗ್ರೀನ್ ಮೇಲೆ ನಿಂತಾಗ ಒಂದೇ ಪಟ್‌ನಲ್ಲಿ (ಗ್ರೀನ್ ಮೇಲೆ ಉರುಳಿಸುವ ಹೊಡೆತ) ಹಾಕಿದರಂತೆ! ಅದೇ ಹೋಲ್‌ನಲ್ಲಿ 1973ರಲ್ಲಿ 71 ವರ್ಷದ ಜೀನ್ ಸರಾಜೆನ್ ಒಂದೇ ಹೊಡೆತಕ್ಕೆ ಹೋಲ್ ಇನ್ ಒನ್ ಮಾಡಿದರು. ಆ ವಯಸ್ಸಿನಲ್ಲಿ ಉದ್ದ ಹೊಡೆಯುವ ಶಕ್ತಿ ಎಲ್ಲಿರುತ್ತೆ? ಅಲ್ಲಿ ಅದು ಬೇಕಾಗಿರಲಿಲ್ಲ.

ಇನ್ನೊಂದು ಸ್ಕಾಟ್ಲೆಂಡಿನದೇ, ಸೇಂಟ್ ಆಂಡ್ರ್ಯೂಸ್ ಓಲ್ಡ್ ಕೋರ್ಸಿನ 17, ರೋಡ್ ಹೋಲ್. ನನ್ನನ್ನು ಕೇಳಿದರೆ ಹವ್ಯಾಸಿಗಳಿಗೆ ಇದೇ ನಂಬರ್ ಒನ್. ದುಡ್ಡು ಮತ್ತು ಬ್ಯಾಲಟ್‌ನಲ್ಲಿ (ಆಡಲು ಸರದಿ ಕೊಡುವ ಲಾಟರಿ) ಅದೃಷ್ಟ ಇದ್ದರೆ ನಾವು ನೀವು ಆಡಬಹುದಾದ ಹೋಲ್ ಇದು, ಅಮೆರಿಕದ ಆಗಸ್ಟಾ ಥರ ಬಾಗಿಲು ಹಾಕಿಕೊಂಡ ಕ್ಲಬ್ ಅಲ್ಲ. ಟೀ (ಮೊದಲ ಹೊಡೆತದ ಜಾಗ) ಮೇಲೆ ನಿಂತರೆ ಫೇರ್‌ವೇ (ಹುಲ್ಲು ಕತ್ತರಿಸಿದ ಹಾದಿ) ಕಾಣುವುದೇ ಇಲ್ಲ, ಹೋಟೆಲಿನ ಶೆಡ್ಡುಗಳ ಮೇಲಿನಿಂದ ಹೊಡೆಯಬೇಕು. ಬಲಗಡೆ ಔಟ್ ಆಫ್ ಬೌಂಡ್ಸ್, ಅಂದ್ರೆ ಓಬಿ, ಕೋರ್ಸಿನ ಗಡಿಯ ಹೊರಗೆ. ಬಲಗೈ ಹವ್ಯಾಸಿಗಳ ಚೆಂಡು ಸಾಮಾನ್ಯವಾಗಿ ಯಾವ ಕಡೆ ತಿರುಗುತ್ತೆ? ಬಲಕ್ಕೆ. ಅದನ್ನು ದಾಟಿದರೆ ಗ್ರೀನಿನ ಎಡಗಡೆ ಮುಂದೆ ರೋಡ್ ಬಂಕರ್, ಹಿಂದೆ ನಿಜವಾದ ರಸ್ತೆ, ರಸ್ತೆಯಾಚೆ ಕಲ್ಲಿನ ಗೋಡೆ. ರಸ್ತೆ ಮೇಲೆ ಬಿದ್ದ ಚೆಂಡಿಗೆ ಬಿಟ್ಟಿ ಡ್ರಾಪ್ ಇಲ್ಲ, ಅಲ್ಲಿಂದಲೇ ಹೊಡೆಯಬೇಕು. 1978ರಲ್ಲಿ ಜಪಾನಿನ ಟಾಮಿ ನಕಜಿಮಾ ಎರಡು ಹೊಡೆತಕ್ಕೆ ಗ್ರೀನ್ ತಲುಪಿದ್ದರು, ಪಟ್ ಮಾಡಿದ ಚೆಂಡು ಉರುಳಿ ಆ ಬಂಕರಿಗೆ ಬಿತ್ತು, ಹೊರಗೆ ಬಂದು ಮುಗಿಸುವಾಗ 9. ಪಟ್ಟರ್ ಹಿಡಿದವನನ್ನೂ ಬಿಡದ ಬಂಕರ್ ಅದು.

ಆ ಹೋಲ್ ಒಂದು ಕಾಲಕ್ಕೆ ಪಾರ್ 5 ಆಗಿತ್ತು. ಈಗ 495 ಗಜದ ಪಾರ್ 4. ಹೋಲ್ ಹೆಚ್ಚು ಕಡಿಮೆ ಅದೇ, ಕಾರ್ಡಿನ ಮೇಲಿನ ಅಂಕಿ ಬದಲಾಯಿತು, ಜನ ಅಲ್ಲಿ ಎರಡನೇ ಹೊಡೆತಕ್ಕೆ ಗ್ರೀನ್ ಮುಟ್ಟಬೇಕು ಅಂತ ಒದ್ದಾಡಲು ಶುರು ಮಾಡಿದರು. ನಿಮ್ಮ ಹ್ಯಾಂಡಿಕ್ಯಾಪ್ 22, ನೀವು ಅದನ್ನು ಪಾರ್ 5 ಅಂತಲೇ ಆಡಿ. ಡ್ರೈವ್ (ಮೊದಲ ಉದ್ದ ಹೊಡೆತ) ಎಡಕ್ಕೆ, ಎರಡನೆಯದು ಗ್ರೀನಿನ ಮುಂದೆ ಬಲಗಡೆ, ಅಲ್ಲಿಂದ ಚಿಪ್ (ಸಣ್ಣ ಹೊಡೆತ), ಎರಡು ಪಟ್. ಐದಕ್ಕೆ ಮುಗಿಯಿತು.

ಆಗಸ್ಟಾ 12 ಬಗ್ಗೆ ಒಂದು ಮಾತು. ಅಲ್ಲಿ ನಾವು ಯಾರೂ ಆಡಲ್ಲ, ಆದರೆ ಕಲಿಯಲು ಒಳ್ಳೆಯದು. 155 ಗಜದ ಪಾರ್ 3, ಮುಂದೆ ರೇಸ್ ಕ್ರೀಕ್ ಅನ್ನುವ ಹಳ್ಳ. ಗ್ರೀನ್ ಓರೆಯಾಗಿ ಕೂತಿದೆ, ಬಲಭಾಗ ಎಡಭಾಗಕ್ಕಿಂತ ದೂರ. ಬಲಗೈ ಆಟಗಾರ ಸರಿಯಾಗಿ ಹೊಡೆಯದೆ ಹೋದರೆ ಚೆಂಡು ಗಿಡ್ಡವಾಗುತ್ತೆ, ಜೊತೆಗೆ ಬಲಕ್ಕೂ ಹೋಗುತ್ತೆ. ಅಂದ್ರೆ ನೇರ ನೀರಿಗೆ. 1980ರಲ್ಲಿ ಟಾಮ್ ವೈಸ್ಕೋಫ್ 13, 2020ರಲ್ಲಿ ಟೈಗರ್ ವುಡ್ಸ್ 10. ನಿಮ್ಮ ಊರಿನ ಕೋರ್ಸಿನಲ್ಲೂ ಯಾವ ಹೋಲ್ ನಿಮ್ಮನ್ನು ಪದೇ ಪದೇ ಕಾಡುತ್ತೋ ಅದನ್ನು ಹೀಗೆ ನೋಡಿ. ನಿಮ್ಮ ಮಾಮೂಲಿ ತಪ್ಪು ಹೊಡೆತ ಎಲ್ಲಿ ಬೀಳುತ್ತೆ, ಅಲ್ಲಿ ಏನಿದೆ? ನೀರಿದ್ದರೆ, ಓಬಿ ಇದ್ದರೆ, ನಿಮ್ಮ ಪಾಲಿಗೆ ಅದೇ ಜಗತ್ತಿನ ಅತಿ ಕಷ್ಟದ ಹೋಲ್. ಪಕ್ಕದವರಿಗೆ ಅದು ಸುಲಭ ಇರಬಹುದು, ಇರಲಿ ಬಿಡಿ.

ಇದನ್ನು ಅಳೆಯುವ ಕ್ರಮವೂ ಇದೆ. ಕೋರ್ಸ್ ರೇಟಿಂಗ್ ಅನ್ನುವುದು ಹ್ಯಾಂಡಿಕ್ಯಾಪ್ ಸೊನ್ನೆ ಇರುವ ಸ್ಕ್ರಾಚ್ ಆಟಗಾರನಿಗೆ ಎಷ್ಟು ಕಷ್ಟ ಅನ್ನುವ ಅಂಕಿ. ಸ್ಲೋಪ್ ಅನ್ನುವುದು ಅವನಿಗಿಂತ ಬೋಗಿ ಆಟಗಾರನಿಗೆ (ಹ್ಯಾಂಡಿಕ್ಯಾಪ್ ಸುಮಾರು 20 ಇರುವವನು) ಎಷ್ಟು ಜಾಸ್ತಿ ಕಷ್ಟ ಅನ್ನುವ ಅಂಕಿ, 55ರಿಂದ 155ರ ತನಕ, ಮಾಮೂಲಿ ಕಷ್ಟದ ಕೋರ್ಸಿಗೆ 113. ಹೊಸ ಕೋರ್ಸಿಗೆ ಹೋದಾಗ ಎಲ್ಲರೂ ಉದ್ದ ಎಷ್ಟು ಅಂತ ಕೇಳುತ್ತಾರೆ. ಸ್ಲೋಪ್ ಎಷ್ಟು ಅಂತ ಕೇಳಿ.

ಊಟಿಯ ಕೋರ್ಸಿನಲ್ಲಿ ನೀರಿನ ಕಾಟ ಏನೂ ಇಲ್ಲ. ಆದರೂ ಮುಳ್ಳುಪೊದೆಗೆ ಚೆಂಡು ಹೋಗಿ ಒಂದೇ ಹೋಲ್‌ನಲ್ಲಿ 8, 9 ಆಗುತ್ತದೆ. ಜೊತೆಗೆ ದೂರದ ಲೆಕ್ಕವೇ ಸಿಗುವುದಿಲ್ಲ. ಏನು ಮಾಡಲಿ?
– ಊಟಿಯ ಓದುಗರು

ಆ ಹಳದಿ ಹೂವಿನ ಪೊದೆ ಗೋರ್ಸ್. ಬ್ರಿಟಿಷರು ತಂದು ನೀಲಗಿರಿಯಲ್ಲಿ ನೆಟ್ಟದ್ದು, ಈಗ ಅದು ನಮ್ಮ ಮಾತೂ ಕೇಳುವುದಿಲ್ಲ, ಅವರ ಮಾತೂ ಕೇಳುವುದಿಲ್ಲ. ಸ್ಕಾಟ್ಲೆಂಡಿನ ಲಿಂಕ್ಸ್ (ಕಡಲತೀರದ) ಕೋರ್ಸುಗಳಲ್ಲೂ ಇದೇ ಗಿಡ ಇರುವುದು. ನೀರಿಗಿಂತ ಇದು ಕೆಟ್ಟದ್ದು ಅನ್ನುವುದು ನನ್ನ ಅಭಿಪ್ರಾಯ. ನೀರಿಗೆ ಬಿದ್ದರೆ ಒಂದು ಪೆನಾಲ್ಟಿ, ಅಲ್ಲೇ ಪಕ್ಕದಲ್ಲಿ ಡ್ರಾಪ್. ಪೊದೆಯಲ್ಲಿ ಚೆಂಡು ಸಿಗದಿದ್ದರೆ ಪೆನಾಲ್ಟಿಯೂ ಹೋಯಿತು, ದೂರವೂ ಹೋಯಿತು, ವಾಪಸ್ ನಡೆಯಬೇಕು.

ಹಾಗಾಗಿ ಅನುಮಾನ ಬಂದ ತಕ್ಷಣ ಪ್ರಾವಿಷನಲ್ (ಮೊದಲನೆಯದು ಸಿಗದಿದ್ದರೆ ಇರಲಿ ಅಂತ ಇನ್ನೊಂದು ಚೆಂಡು) ಹೊಡೆಯಿರಿ. ಹುಡುಕಲು ಹೋಗುವ ಮೊದಲು, ಪ್ರಾವಿಷನಲ್ ಅಂತ ಬಾಯಿಬಿಟ್ಟು ಹೇಳಿ. ಹುಡುಕಲು 2019ರಿಂದ 3 ನಿಮಿಷ ಮಾತ್ರ, ಮೊದಲಿನ 5 ಅಲ್ಲ. ಇಲ್ಲೊಂದು ಸೂಕ್ಷ್ಮ ಇದೆ. ಪ್ರಾವಿಷನಲ್ ಚೆನ್ನಾಗಿ ಬಿದ್ದಿದ್ದರೆ ಮೊದಲ ಚೆಂಡನ್ನು ಹುಡುಕಲೇಬೇಕು ಅಂತ ಕಡ್ಡಾಯ ಇಲ್ಲ. ಹುಡುಕದಿರುವುದೇ ವಾಸಿ, ಯಾಕೆಂದರೆ ಆ ಮೂರು ನಿಮಿಷದಲ್ಲಿ ಅದು ಪೊದೆಯ ಬುಡದಲ್ಲಿ ಸಿಕ್ಕಿಬಿಟ್ಟರೆ ಪ್ರಾವಿಷನಲ್ ಬಿಟ್ಟು ಅದನ್ನೇ ಆಡಬೇಕು. ಕ್ಯಾಡಿ ಉತ್ಸಾಹದಿಂದ ಪೊದೆಗೆ ನುಗ್ಗುವ ಮೊದಲು ಬೇಡಪ್ಪಾ ಅಂತ ಹೇಳುವುದು ಒಳ್ಳೆಯದು. ಎದುರಾಳಿ ಹುಡುಕಿದರೆ ಮಾತ್ರ ತಡೆಯೋಕೆ ಆಗಲ್ಲ.

ಸಿಕ್ಕಿದರೆ ವೀರಾವೇಶ ಬೇಡ. ಅನ್‌ಪ್ಲೇಯಬಲ್ (ಆಡಲಾಗದ ಚೆಂಡು) ಅಂತ ಒಂದು ಪೆನಾಲ್ಟಿ ತಗೊಂಡು ಎರಡು ಕ್ಲಬ್ ಉದ್ದದೊಳಗೆ, ಹೋಲ್‌ಗೆ ಹತ್ತಿರ ಆಗದಂತೆ ಡ್ರಾಪ್ ಮಾಡಿ. ಅಲ್ಲೂ ಮುಳ್ಳೇ ಇದ್ದರೆ ಹೋಲ್ ಮತ್ತು ಚೆಂಡಿನ ನೇರದಲ್ಲಿ ಹಿಂದೆ ಎಷ್ಟು ಬೇಕಾದರೂ ಹೋಗಬಹುದು. ಇಲ್ಲವೇ ಮೊದಲು ಹೊಡೆದ ಜಾಗಕ್ಕೇ ಹಿಂತಿರುಗಬಹುದು. ಪೊದೆಯೊಳಗಿಂದ ಹೊಡೆದು ಮೂರು ಗಜ ಮುಂದೆ ಇನ್ನೊಂದು ಪೊದೆಗೆ ಹಾಕಿದವರೇ 9 ಮಾಡುವುದು.

ದೂರದ ವಿಷಯ. ಊಟಿ ಇರುವುದು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ. ಗಾಳಿ ತೆಳು, ಚೆಂಡಿಗೆ ತಡೆ ಕಡಿಮೆ. ಮಂಗಳೂರಿನ ಕಡೆ 150 ಗಜ ಹೋಗುವ ಐರನ್ ಅಲ್ಲಿ ಹತ್ತು ಹನ್ನೆರಡು ಗಜ ಜಾಸ್ತಿ ಹೋಗಬಹುದು, ಅಂದ್ರೆ ಒಂದು ಕ್ಲಬ್ ಕಡಿಮೆ. ಆದರೆ ಬೆಳಗ್ಗೆ ಮಂಜು, ಚಳಿ ಇದ್ದಾಗ ಚೆಂಡೂ ತಣ್ಣಗಿರುತ್ತೆ, ಮೈಯೂ ಬಿಗಿ ಇರುತ್ತೆ, ಆ ಲಾಭ ಅರ್ಧ ಕರಗುತ್ತೆ. ಬೆಳಗ್ಗೆ ಏಳಕ್ಕೂ ಹನ್ನೊಂದಕ್ಕೂ ಒಂದೇ ಕ್ಲಬ್ ಹಿಡಿಯಬೇಡಿ. ಇಳಿಜಾರು ಬೇರೆ. ಚೆಂಡು ಪಾದಕ್ಕಿಂತ ಮೇಲಿದ್ದರೆ ಬಲಗೈಯವರಿಗೆ ಎಡಕ್ಕೆ ಎಳೆಯುತ್ತೆ, ಕೆಳಗಿದ್ದರೆ ಬಲಕ್ಕೆ. ಗುರಿಯನ್ನು ಮೊದಲೇ ಆ ಕಡೆ ಈ ಕಡೆ ಸರಿಸಿಕೊಳ್ಳಿ, ಸ್ವಿಂಗ್ ಬದಲಾಯಿಸಲು ಹೋಗಬೇಡಿ.

ಮಂಗಳೂರಿಗೆ ಹೋಗಿ ಪಿಲಿಕುಳದಲ್ಲಿ ಆಡಲು ಶುರು ಮಾಡಿದ್ದೇನೆ, ಇನ್ನೂ ಹೊಸಬ. ಕಾರ್ಡಿನಲ್ಲಿ ಇಂಡೆಕ್ಸ್ 1 ಅಂದರೆ ಅತಿ ಕಷ್ಟದ್ದು ಅಂತಾರೆ. ನನಗೆ ಅದರಲ್ಲಿ ತೊಂದರೆ ಇಲ್ಲ, ಗಿಡ್ಡ ಪಾರ್ 3ಗಳಲ್ಲೇ ಸೋಲುತ್ತೇನೆ. ನನ್ನಲ್ಲೇ ಏನಾದರೂ ದೋಷವೇ?
– ಕಾಸರಗೋಡಿನ ಓದುಗರು

ದೋಷ ಏನಿಲ್ಲ. ಸ್ಟ್ರೋಕ್ ಇಂಡೆಕ್ಸ್ ಅಂದ್ರೆ ಬರೀ ಕಷ್ಟದ ಪಟ್ಟಿ ಅಲ್ಲ, ಹ್ಯಾಂಡಿಕ್ಯಾಪ್ ಹೊಡೆತಗಳನ್ನು ಎಲ್ಲೆಲ್ಲಿ ಹಂಚಬೇಕು ಅನ್ನುವ ಪಟ್ಟಿ. ಅವು ಒಂದೇ ಕಡೆ ಗುಂಪಾಗದಂತೆ ಮೊದಲ ಒಂಬತ್ತು, ಕೊನೆಯ ಒಂಬತ್ತಕ್ಕೆ ಬೆಸ, ಸಮ ಅಂತ ಹರಡಿರುತ್ತಾರೆ. ಉದ್ದದ ಪಾರ್ 4ಗಳಲ್ಲಿ ಒಳ್ಳೆ ಆಟಗಾರನಿಗೂ ನಮಗೂ ಅಂತರ ಜಾಸ್ತಿ, ಅದಕ್ಕೇ ಅವುಗಳಿಗೆ ಚಿಕ್ಕ ಅಂಕಿ ಸಿಗುವುದು. ಪಾರ್ 3ಗೆ ಸಾಮಾನ್ಯವಾಗಿ ದೊಡ್ಡ ಅಂಕಿ. ಆದರೆ ಹೊಸಬರಿಗೆ ಪಾರ್ 3ಯಲ್ಲಿ ಟೀ ಹೊಡೆತ ಒಂದು ಟಾಪ್ ಆದರೆ (ಚೆಂಡಿನ ತಲೆಗೆ ತಾಗಿದರೆ) ಮುಗಿಯಿತು, ಸರಿ ಮಾಡಿಕೊಳ್ಳಲು ಉಳಿದ ಹೊಡೆತ ಇಲ್ಲ. ಉದ್ದದ ಹೋಲ್‌ನಲ್ಲಿ ಕೆಟ್ಟ ಹೊಡೆತ ಒಂದು ನಡುವೆ ಮುಚ್ಚಿಹೋಗುತ್ತೆ.

ಮಳೆಗಾಲದಲ್ಲಿ ನಿಮ್ಮ ಕಡೆಯವರಿಗೆ ಬೇಕಾಗುವ ಎರಡು ನಿಯಮ. ಚೆಂಡು ಬಿದ್ದ ರಭಸಕ್ಕೆ ತನ್ನದೇ ಗುಳಿಯಲ್ಲಿ ಹುಗಿದುಹೋದರೆ, ಬಂಕರ್ ಅಥವಾ ಪೆನಾಲ್ಟಿ ಏರಿಯಾ ಅಲ್ಲದಿದ್ದರೆ, ಪುಕ್ಕಟೆ ಡ್ರಾಪ್. ಮಳೆನೀರು ನಿಂತ ಕಡೆಯೂ ಹಾಗೇ. ಸುಮಾರು ಜನ ಗೊತ್ತಿಲ್ಲದೆ ಕೆಸರಿನಿಂದಲೇ ಅಗೆದು ಹೊಡೆಯುತ್ತಾರೆ.

ಹೋದ ವಾರ ಒಂದು ಪಾರ್ 4ರಲ್ಲಿ 14 ಹೊಡೆದೆ. ಕಾರ್ಡಿನಲ್ಲಿ ಅದನ್ನೇ ಬರೆಯಬೇಕಾ? ಗೆಳೆಯರು ನಗುತ್ತಿದ್ದಾರೆ. ಕೋರ್ಸ್ ಹ್ಯಾಂಡಿಕ್ಯಾಪ್ 20, ಆ ಹೋಲ್ ಇಂಡೆಕ್ಸ್ 5.
– ಅಕ್ಕಲಕೋಟೆಯ ಓದುಗರು

ನಗಲಿ ಬಿಡಿ. ಜಾನ್ ಡೇಲಿ 1998ರಲ್ಲಿ ಬೇ ಹಿಲ್‌ನ 6ನೇ ಹೋಲ್‌ನಲ್ಲಿ 18 ಹೊಡೆದಿದ್ದಾರೆ. 2011ರಲ್ಲಿ ಟೆಕ್ಸಸ್‌ನಲ್ಲಿ ಕೆವಿನ್ ನಾ ಒಂದು ಪಾರ್ 4ಕ್ಕೆ 16 ತಗೊಂಡರು, ಮರಗಳ ನಡುವೆ ಸಿಕ್ಕಿಕೊಂಡು. ಇಬ್ಬರೂ ಹೊಟ್ಟೆಪಾಡಿಗೆ ಇದನ್ನೇ ಆಡುವವರು.

ಸ್ಟ್ರೋಕ್ ಪ್ಲೇ (ಒಟ್ಟು ಹೊಡೆತ ಎಣಿಸುವ) ಸ್ಪರ್ಧೆ ಆಗಿದ್ದರೆ 14 ಅಂದ್ರೆ 14, ಬರೆಯಲೇಬೇಕು. ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಮಾತ್ರ ಮಿತಿ ಇದೆ, ನೆಟ್ ಡಬಲ್ ಬೋಗಿ. ಪಾರ್ 4, ಅದಕ್ಕೆ 2, ಆ ಹೋಲ್‌ನಲ್ಲಿ ನಿಮಗೆ ಸಿಗುವ ಹೊಡೆತ 1, ಒಟ್ಟು 7. ಇಪ್ಪತ್ತರ ಹ್ಯಾಂಡಿಕ್ಯಾಪ್‌ನವರಿಗೆ ಎಲ್ಲ ಹೋಲ್‌ನಲ್ಲೂ ಒಂದೊಂದು, ಇಂಡೆಕ್ಸ್ 1 ಮತ್ತು 2ರಲ್ಲಿ ಮಾತ್ರ ಎರಡೆರಡು ಸಿಗುತ್ತದೆ. ಸ್ಟೇಬಲ್‌ಫೋರ್ಡ್ (ಪ್ರತಿ ಹೋಲ್‌ಗೆ ಪಾಯಿಂಟ್ ಎಣಿಸುವ ಪದ್ಧತಿ) ಆಡುತ್ತಿದ್ದರೆ ಇನ್ನೂ ಆರಾಮ, ಪಾಯಿಂಟ್ ಸಿಗಲ್ಲ ಅಂತ ಗೊತ್ತಾದ ಕೂಡಲೇ ಚೆಂಡು ಎತ್ತಿ ಜೇಬಿಗೆ ಹಾಕಿ ಮುಂದಿನ ಟೀಗೆ ನಡೆಯಿರಿ. ಡಾಕ್ಟರ್ ಫ್ರಾಂಕ್ ಸ್ಟೇಬಲ್‌ಫೋರ್ಡ್ ಇದನ್ನು ರೂಪಿಸಿದ್ದೇ ಅದಕ್ಕೆ. ಆರಂಭದಲ್ಲಿ ಒಂದೆರಡು ಹೋಲ್ ಕೆಟ್ಟರೆ ಸಾಕು, ಜನ ಕಾರ್ಡ್ ಹರಿದು ಬಿಸಾಕುವುದನ್ನು ಅವರು ನೋಡಿದ್ದರು. 1932ರಲ್ಲಿ ಇಂಗ್ಲೆಂಡಿನ ವಾಲಸಿಯಲ್ಲಿ ಈ ಪದ್ಧತಿಯ ಸ್ಪರ್ಧೆ ನಡೆಯಿತು. ನಿಮ್ಮ ಗೆಳೆಯರ ಗುಂಪಿಗೆ ವಾರದ ಆಟಕ್ಕೆ ಇದನ್ನೇ ಸೂಚಿಸಿ, ಹಿಂದೆ ಕಾಯುವ ನಾಲ್ವರ ಗುಂಪಿನವರೂ ನಿಮ್ಮನ್ನು ಹರಸುತ್ತಾರೆ.

ಕಷ್ಟದ ಹೋಲ್‌ಗಳಿಗೆ ಅಂತ ಉದ್ದ ಹೊಡೆಯುವ ಹೊಸ ಡ್ರೈವರ್ ಕೊಳ್ಳಬೇಕು ಅಂತ ಇದ್ದೇನೆ. ಸರಿಯೇ?
– ಮಡಕಶಿರಾದ ಓದುಗರು

ಬೇಡ. ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಬೋಗಿ ಆಟಗಾರ ಅಂದ್ರೆ ಸುಮಾರು 200 ಗಜ ಡ್ರೈವ್ ಮಾಡಿ, 370 ಗಜದ ಹೋಲನ್ನು ಎರಡು ಹೊಡೆತದಲ್ಲಿ ಮುಟ್ಟುವವನು. ಅದಕ್ಕಿಂತ ಉದ್ದದ ಪಾರ್ 4 ಬಂದರೆ ಮೂರರಲ್ಲಿ ಮುಟ್ಟಿ. ಎಂಟು ಹತ್ತು ಗಜ ಜಾಸ್ತಿ ಹೋಗುವ ಡ್ರೈವರ್‌ನಿಂದ ಓಬಿಯೂ ಅಷ್ಟೇ ಜಾಸ್ತಿ ದೂರ ಹೋಗುತ್ತೆ. ಆ ದುಡ್ಡಿನಲ್ಲಿ ಒಂದು ಸ್ಯಾಂಡ್ ವೆಜ್ ಕೊಂಡು, ಉಳಿದದ್ದನ್ನು ಒಬ್ಬ ಒಳ್ಳೆ ಕೋಚ್‌ಗೆ ಕೊಡಿ, ಬಂಕರಿನಿಂದ ಮೊದಲ ಹೊಡೆತದಲ್ಲೇ ಹೊರಗೆ ಬರುವುದನ್ನು ಕಲಿಸಿ ಅಂತ ಕೇಳಿ. ಚೆಂಡಿನ ಹಿಂದೆ ಎರಡು ಇಂಚು ಮರಳಿಗೆ ಹೊಡೆಯುವುದು, ಕ್ಲಬ್ ಮುಖ ತೆರೆದಿಡುವುದು, ನಡುವೆ ನಿಲ್ಲಿಸದೆ ಸ್ವಿಂಗ್ ಮುಗಿಸುವುದು, ಇಷ್ಟೇ ಪಾಠ. ಅದು ಬಂದ ಮೇಲೂ ಡ್ರೈವರ್ ಆಸೆ ಉಳಿದಿದ್ದರೆ ಬರೆಯಿರಿ, ಯಾವುದು ಅಂತ ಆಗ ನೋಡೋಣ.