ಮುಖಕ್ಕೆ ಬೂದಿ ಬಳಿದ ಹಾಗೆ ಕಾಣುತ್ತೆ, ಮೇಡಂ

ಪ್ರಶ್ನೆ: ನನಗೆ 34 ವರ್ಷ, ಹೈಸ್ಕೂಲ್ ಟೀಚರ್. ಮೈಬಣ್ಣ ಎಣ್ಣೆಗಪ್ಪು. ಯೂಟ್ಯೂಬ್ ನೋಡಿ ಫೌಂಡೇಶನ್, ಕನ್ಸೀಲರ್, ಪೌಡರ್ ಎಲ್ಲ ತಂದೆ. ಹಚ್ಚಿಕೊಂಡರೆ ಬೂದಿ ಬಳಿದ ಹಾಗೆ ಕಾಣುತ್ತದೆ. ತಂಗಿಯ ಸೀಮಂತದ ದಿನ ಮೂರು ಸಲ ಹಚ್ಚಿ, ಮೂರು ಸಲ ತೊಳೆದು, ಕೊನೆಗೆ ಬರೀ ಕುಂಕುಮ ಇಟ್ಟುಕೊಂಡು ಹೋದೆ. ನನ್ನ ಮುಖಕ್ಕೆ ಮೇಕಪ್ ಒಪ್ಪುವುದಿಲ್ಲವೇ? (ಹಾವೇರಿಯ ಓದುಗರು)

ಉತ್ತರ: ಮೇಕಪ್ ಒಪ್ಪದ ಮುಖವನ್ನು 28 ವರ್ಷದ ಈ ಕಸುಬಿನಲ್ಲಿ ನಾನು ನೋಡಿಲ್ಲ. ಒಪ್ಪದ ಶೇಡನ್ನು ದಿನಾ ನೋಡುತ್ತೇನೆ. ಪ್ರತಿ ತಿಂಗಳೂ ಈ ಪ್ರಶ್ನೆ ಬರುತ್ತದೆ, ಬರೆದವರು ಪ್ರತಿ ಸಲವೂ ತಮ್ಮ ಮುಖವನ್ನೇ ಬೈದುಕೊಂಡಿರುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೆ. ಅಂಗಡಿಯವರು “ಒಂದು ಶೇಡ್ ಬೆಳ್ಳಗಿರೋದು ತಗೊಳ್ಳಿ, ಫೋಟೋದಲ್ಲಿ ಚೆನ್ನಾಗಿ ಬರುತ್ತೆ” ಅಂದಿರುತ್ತಾರೆ, ನೀವು ತಲೆಯಾಡಿಸಿ ಬಂದಿರುತ್ತೀರಿ. ಬೂದಿ ಬಂದದ್ದು ಅಲ್ಲಿಂದ.

ಮುಖ ತೊಳೆಯಿರಿ, ಮಾಯಿಶ್ಚರೈಸರ್ ಹಚ್ಚಿ ಅಂತೆಲ್ಲ ಇಲ್ಲಿ ಬರೆಯುವುದಿಲ್ಲ, ಅಷ್ಟು ನಿಮಗೆ ಗೊತ್ತಿದೆ. ನೇರ ಅಂಗಡಿಗೇ ಹೋಗೋಣ. ಫೌಂಡೇಶನ್ನನ್ನು ಅಂಗೈ ಹಿಂಭಾಗಕ್ಕೆ ಹಚ್ಚಿ ತೋರಿಸಿದರೆ ಕೈ ಹಿಂದಕ್ಕೆ ಎಳೆದುಕೊಳ್ಳಿ. ಕೈಯ ಬಣ್ಣ ಬೇರೆ, ಮುಖದ ಬಣ್ಣ ಬೇರೆ. ದವಡೆಯ ಅಂಚಿನಲ್ಲಿ, ಕುತ್ತಿಗೆ ಶುರುವಾಗುವ ಕಡೆ, ಎರಡು ಮೂರು ಶೇಡುಗಳನ್ನು ಪಕ್ಕಪಕ್ಕದಲ್ಲಿ ಗೆರೆ ಎಳೆಸಿಕೊಳ್ಳಿ. ಆಮೇಲೆ ಅಂಗಡಿಯಿಂದ ಹೊರಗೆ ಬನ್ನಿ. ಎದುರಿಗೆ ಹೋಟೆಲಿದ್ದರೆ ಒಂದು ಕಾಫಿ ಕುಡಿಯಿರಿ. ಹದಿನೈದು ನಿಮಿಷದಲ್ಲಿ ಗಾಳಿ ತಾಗಿ, ಚರ್ಮದ ಜಿಡ್ಡು ಸೇರಿ, ಕೆಲವು ಶೇಡುಗಳು ಇನ್ನಷ್ಟು ಗಾಢವಾಗುತ್ತವೆ. ಬಿಸಿಲಿನ ಬೆಳಕಲ್ಲಿ ಕನ್ನಡಿ ಹಿಡಿದಾಗ ಯಾವ ಗೆರೆ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲವೋ ಅದು ನಿಮ್ಮದು. ನಮ್ಮ ಕಡೆಯ ಬಹಳ ಮುಖಗಳಲ್ಲಿ ಒಳಗೆ ಹಳದಿ, ಹೊನ್ನಿನ ಛಾಯೆ ಇರುತ್ತದೆ. ಅದರ ಮೇಲೆ ಗುಲಾಬಿ ಛಾಯೆಯ ತೆಳು ಬಣ್ಣ ಕೂತರೆ ಬೂದಿಯಲ್ಲದೆ ಬೇರೇನು ಕಾಣಬೇಕು?

ಈ ಪಾಠ ನಾನು ಮರ್ಯಾದೆ ಕಳೆದುಕೊಂಡು ಕಲಿತದ್ದು. ನನ್ನ ಮೊದಲ ಮದುಮಗಳನ್ನು ಕೋಣೆಯೊಳಗೆ ಟ್ಯೂಬ್‌ಲೈಟಿನ ಕೆಳಗೆ ಕೂರಿಸಿ ಸಿಂಗರಿಸಿದೆ. ಬೆಳಗಿನ ಬಿಸಿಲು ಬಿದ್ದ ಚಪ್ಪರಕ್ಕೆ ಬಂದಾಗ ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣ. ಹುಡುಗಿಯ ಸೋದರತ್ತೆ ಎಲ್ಲರೆದುರು “ತಲೆ ಯಾರದ್ದೇ ಇದು?” ಅಂದರು. ಅವತ್ತಿನಿಂದ ಕಿಟಕಿ ಇಲ್ಲದ ಕೋಣೆಯಲ್ಲಿ ನಾನು ಡಬ್ಬಿ ತೆರೆಯುವುದಿಲ್ಲ.

ಬೂದಿಗೆ ಇನ್ನೆರಡು ದಾರಿಗಳಿವೆ. ಒಂದು, ಕಣ್ಣಿನ ಕೆಳಗಿನ ಕಪ್ಪು. ಅದರ ಮೇಲೆ ನೇರವಾಗಿ ತಿಳಿ ಬಣ್ಣದ ಕನ್ಸೀಲರ್ ಹಚ್ಚಿದರೆ ಒಳಗಿನ ನೀಲಿಗಪ್ಪು ಇಣುಕಿ ಎಲ್ಲ ಬೂದುಬಣ್ಣವಾಗುತ್ತದೆ. ನಿಮ್ಮ ಮೈಬಣ್ಣಕ್ಕೆ ಮೊದಲು ಆ ಕಪ್ಪನ್ನು ತಗ್ಗಿಸುವ ಕಿತ್ತಳೆ ಬಣ್ಣದ ಕರೆಕ್ಟರ್ ಬೇಕು, ಒಂದು ಸಾಸಿವೆ ಕಾಳಿನಷ್ಟು, ಕಪ್ಪು ಇರುವಲ್ಲಿ ಮಾತ್ರ. ಎರಡು, ಕೊನೆಗೆ ಬಡಿಯುವ ಬಿಳಿ ಪೌಡರ್. ಸ್ನಾನದ ಮನೆಯ ಟಾಲ್ಕಂ ಡಬ್ಬಿ ಅಲ್ಲೇ ಇರಲಿ. ‘ಟ್ರಾನ್ಸ್‌ಲೂಸೆಂಟ್’ (ಹಚ್ಚಿದರೆ ಬಣ್ಣವೇ ಕಾಣದ್ದು) ಅಂತ ಬರೆದ ಪೌಡರನ್ನೂ ನಂಬಬೇಡಿ. ಕನ್ನಡಿಯಲ್ಲಿ ಕಾಣದ ಬಿಳಿ ಕ್ಯಾಮೆರಾ ಫ್ಲ್ಯಾಶಿಗೆ ಎದ್ದು ಕೂರುತ್ತದೆ. ಅದರೊಳಗಿನ ಸಿಲಿಕಾ, ಟೈಟಾನಿಯಂ ಡೈಆಕ್ಸೈಡ್ ಬೆಳಕನ್ನು ಹಾಗೇ ವಾಪಸ್ ಎಸೆಯುತ್ತವೆ. ಮೊಬೈಲಿನಲ್ಲಿ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆದು ನೋಡಿ, ಮದುವೆ ಆಲ್ಬಮ್ ಬರುವ ತನಕ ಕಾಯಬೇಡಿ.

ಇನ್ನು ಧೈರ್ಯದ ಮಾತು. ನಾನು ಹುಟ್ಟಿದ್ದು ಕುಂದಾಪುರದ ಕಡೆ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಕಲಾವಿದರು ನೆಲದ ಮೇಲೆ ಕೂತು, ಕೈಗನ್ನಡಿ ಹಿಡಿದು, ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುವುದನ್ನು ನೋಡುತ್ತ ಬೆಳೆದವಳು. ಅಲ್ಲಿ ಹೊಸಬ ಯಾರೂ ಮೊದಲ ಆಟದಲ್ಲೇ ಬಣ್ಣದ ವೇಷಕ್ಕೆ, ಅಂದರೆ ದಟ್ಟ ಬಣ್ಣದ ರಾಕ್ಷಸ ಪಾತ್ರಕ್ಕೆ, ಕೂರುವುದಿಲ್ಲ. ಕೋಡಂಗಿಯಾಗಿ, ಬಾಲಗೋಪಾಲನಾಗಿ, ಸಣ್ಣಪುಟ್ಟ ವೇಷ ಮಾಡಿ, ಆಮೇಲೆ. ನೀವು ಮಾತ್ರ ಸೀಮಂತದ ದಿನವೇ ಹತ್ತು ಡಬ್ಬಿ ತೆರೆದು ಕೂತಿರಿ, ಹೊರಗೆ ಆಟೋ ಹಾರ್ನ್ ಹೊಡೆಯುತ್ತಿರುವಾಗ!

ಎರಡು ವಾರ ಫೌಂಡೇಶನ್ ಮುಟ್ಟಬೇಡಿ. ಹುಬ್ಬು ತೀಡುವುದು, ಕಾಡಿಗೆ, ಲಿಪ್‌ಸ್ಟಿಕ್, ಇಷ್ಟೇ. ದಿನಾ ಹಚ್ಚಿ, ಹಚ್ಚಿಕೊಂಡೇ ಶಾಲೆಗೆ ಹೋಗಿ. ಸ್ಟಾಫ್ ರೂಮಿನಲ್ಲಿ ಮೊದಲೆರಡು ದಿನ “ಏನು ವಿಶೇಷ?” ಅನ್ನುತ್ತಾರೆ, ಮೂರನೇ ದಿನ ಅವರಿಗೆ ಪರೀಕ್ಷೆ ಪೇಪರ್ ತಿದ್ದುವ ಕೆಲಸ ಇರುತ್ತದೆ. ಆಮೇಲೆ ಒಂದು ಭಾನುವಾರ ಕಿಟಕಿ ಪಕ್ಕ ಕೂತು ಅರ್ಧ ಮುಖಕ್ಕೆ ಮಾತ್ರ ಫೌಂಡೇಶನ್ ಹಚ್ಚಿ. ಒಂದು ತೊಗರಿ ಕಾಳಿನಷ್ಟು ಸಾಕು, ಮೂಗಿನ ಪಕ್ಕದಿಂದ ಹೊರಗಡೆಗೆ, ಒದ್ದೆ ಮಾಡಿ ಗಟ್ಟಿ ಹಿಂಡಿದ ಸ್ಪಂಜಿನಲ್ಲಿ ತಟ್ಟುತ್ತ. ಉಜ್ಜಿದರೆ ಎದ್ದು ಬರುತ್ತದೆ. ಹಚ್ಚಿದ ಅರ್ಧವನ್ನೂ ಬಿಟ್ಟ ಅರ್ಧವನ್ನೂ ಒಂದು ಮಾರು ದೂರದಿಂದ ನೋಡಿ. ಎಲ್ಲಿ ಬೇಕಿತ್ತು, ಎಲ್ಲಿ ಸುಮ್ಮನೆ ಹಚ್ಚಿದ್ದೀರಿ ಅಂತ ಕಣ್ಣಿಗೇ ತಿಳಿಯುತ್ತದೆ. ಆ ದೊಡ್ಡದು ಮಾಡಿ ತೋರಿಸುವ ಕನ್ನಡಿಯನ್ನು ಯಾರಿಗಾದರೂ ಕೊಟ್ಟುಬಿಡಿ. ಅಷ್ಟು ಹತ್ತಿರ ಬಂದು ನಿಮ್ಮ ಮುಖ ನೋಡುವವರು ದಂತವೈದ್ಯರು ಮಾತ್ರ.

ಪ್ರಶ್ನೆ: ಪಾರ್ಲರ್ ಅಕ್ಕ ಒಂದು ಡಬ್ಬಿ ಕ್ರೀಮ್ ಕೊಟ್ಟಿದ್ದಾರೆ, ಹೆಸರಿಲ್ಲ. ವಾರದಲ್ಲೇ ಬೆಳ್ಳಗಾದೆ. ಈಗ ಬಿಸಿಲಿಗೆ ಹೋದರೆ ಮುಖ ಉರಿ, ಕೆಂಪು. ಮೇಕಪ್ಪಿನಲ್ಲಿ ಮುಚ್ಚುವುದು ಹೇಗೆ?

ಉತ್ತರ: ಮುಚ್ಚುವುದಿಲ್ಲ. ಡಬ್ಬಿ ಎತ್ತಿಕೊಂಡು ಈ ವಾರವೇ ಚರ್ಮರೋಗ ತಜ್ಞರ ಹತ್ತಿರ ಹೋಗಿ. ವಾರದಲ್ಲಿ ಬೆಳ್ಳಗೆ ಮಾಡುವ ಹೆಸರಿಲ್ಲದ ಕ್ರೀಮಿನಲ್ಲಿ ನನಗೆ ಮೊದಲು ಅನುಮಾನ ಬರುವುದು ಸ್ಟೆರಾಯ್ಡ್ ಮೇಲೆ, ಆಮೇಲೆ ಪಾದರಸದ ಮೇಲೆ. ಸ್ಟೆರಾಯ್ಡ್ ಆಗಿದ್ದರೆ ಬಿಟ್ಟ ಮೇಲೆ ಮುಖ ಇನ್ನೂ ಕೆಂಪಾಗಿ ಉರಿಯಬಹುದು, ಆಗ ಹೆದರಿ ಮತ್ತೆ ಅದೇ ಡಬ್ಬಿಗೆ ಕೈ ಹಾಕುವವರೇ ಹೆಚ್ಚು. ಅದಕ್ಕೇ ವೈದ್ಯರು ಬೇಕು. 2018ರಲ್ಲಿ ಸರ್ಕಾರ ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದಿತು. ಡಬ್ಬಿಗೆ ತುಂಬಿ ಮಾರುವವರಿಗೆ ಯಾವ ಚೀಟಿ? 2023ರಲ್ಲಿ ಕೇರಳದ ಮಲಪ್ಪುರಂನಲ್ಲಿ ಬೆಳ್ಳಗಾಗುವ ಕ್ರೀಮ್ ಹಚ್ಚಿದವರಲ್ಲಿ ಕಿಡ್ನಿ ಕಾಯಿಲೆ ಕಂಡು, ವೈದ್ಯರು ಬೆರಳು ತೋರಿದ್ದು ಪಾದರಸದತ್ತ. ಆ ಅಕ್ಕನಿಗೂ ಇದನ್ನು ಓದಿಸಿ.

ಪ್ರಶ್ನೆ: ಕೆಮಿಕಲ್ ಇಲ್ಲದ, ಪ್ರಕೃತಿದತ್ತ ಬಣ್ಣಗಳಾದರೆ ಭಯವಿಲ್ಲ ಅಲ್ಲವೇ?

ಉತ್ತರ: ಹಳೇ ವೇಷಗಾರರ ಹಳದಿಯಾದ ಅರದಾಳವೂ ಕೆಂಪಾದ ಇಂಗಳೀಕವೂ ನೆಲದಲ್ಲಿ ಸಿಗುವ ಖನಿಜಗಳೇ. ಮೊದಲನೆಯದರಲ್ಲಿ ಆರ್ಸೆನಿಕ್, ಎರಡನೆಯದರಲ್ಲಿ ಪಾದರಸ.

ಪ್ರಶ್ನೆ: ಮೇಕಪ್ಪಿಗೆ ಮೊದಲು ಹಚ್ಚುವ ಪ್ರೈಮರ್ ಬದಲು ನಿಂಬೆರಸ ಹಚ್ಚಬಹುದೇ?

ಉತ್ತರ: ನಿಂಬೆಹಣ್ಣು ಚಿತ್ರಾನ್ನಕ್ಕೆ. ಮುಖಕ್ಕೆ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಕಲೆ ಬೀಳಬಹುದು.

ಪ್ರಶ್ನೆ: ಸ್ಟಿಕ್ಕರ್ ಇಡುವ ಜಾಗದಲ್ಲಿ ಬಿಳಿ ಚುಕ್ಕೆ ಆಗಿದೆ. ದೊಡ್ಡ ಸ್ಟಿಕ್ಕರ್ ಇಟ್ಟರೆ ಮುಚ್ಚುತ್ತದೆಯೇ?

ಉತ್ತರ: ಮುಚ್ಚುತ್ತದೆ, ಚುಕ್ಕೆಯೂ ಸ್ಟಿಕ್ಕರಿನಷ್ಟೇ ಬೆಳೆಯಬಹುದು. ಕೆಲವು ಅಂಟುಗಳಲ್ಲಿನ ರಾಸಾಯನಿಕ ಚರ್ಮದ ಬಣ್ಣವನ್ನೇ ತಿಂದುಹಾಕುತ್ತದೆ. ಇವತ್ತೇ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಾನು ಹುಡುಗ, ಹೊನ್ನಾವರ. ಮೊಡವೆ ಕಲೆಗೆ ಕನ್ಸೀಲರ್ ಹಚ್ಚಿದರೆ ನಗುತ್ತಾರಾ?

ಉತ್ತರ: ರಾತ್ರಿಯಿಡೀ ಯಕ್ಷಗಾನದಲ್ಲಿ ಗಂಡಸರು ಸ್ತ್ರೀವೇಷ ಕಟ್ಟಿ ಕುಣಿಯುವ ಊರಿನಿಂದ ಈ ಪ್ರಶ್ನೆಯೇ? ಹಚ್ಚಿಕೊ ಮಾರಾಯ.

ಪ್ರಶ್ನೆ: ನನ್ನ ಮದುವೆಗೆ ತಗೊಂಡ ಲಿಪ್‌ಸ್ಟಿಕ್, ಆರು ವರ್ಷ ಆಯಿತು. ಸ್ವಲ್ಪ ವಾಸನೆ ಬರುತ್ತಿದೆ, ಆದರೆ ಬಣ್ಣ ಚೆನ್ನಾಗಿದೆ. ಬಳಸಬಹುದೇ?

ಉತ್ತರ: ವಾಸನೆ ಬರುತ್ತಿದೆ ಅಂತ ನೀವೇ ಬರೆದಿದ್ದೀರಿ.